ಅರ್ಧ ಬೀಜದ ಸಾಲು

ಹಿಂದೂಪುರದಲ್ಲಿ ನಾನು ಪಾಠ ಮಾಡುವ ಡಿಗ್ರಿ ಕಾಲೇಜಿನಲ್ಲಿ ನನ್ನ ಸಿಟ್ಟು ಹೆಸರುವಾಸಿ. ಹಳೆಯ ಬ್ಯಾಚಿನವರು ಹೊಸಬರಿಗೆ ಮೊದಲ ವಾರದಲ್ಲೇ ಹೇಳಿಕೊಟ್ಟುಬಿಡುತ್ತಾರೆ: ಮ್ಯಾಥ್ಸ್ ಮೇಡಂ ಚಾಕ್‌ಪೀಸ್ ಕೆಳಗಿಟ್ಟು ಕೈ ಒರೆಸಿಕೊಂಡರೆ ಯಾರಿಗೋ ಕಾದಿದೆ ಅಂತ. ಅದು ಸುಳ್ಳೇನಲ್ಲ, ನನಗೆ ಅದರ ಬಗ್ಗೆ ನಾಚಿಕೆಯೂ ಇಲ್ಲ. ಆದರೆ ವರ್ಷಕ್ಕೊಂದು ದಿನ ಮಾತ್ರ ನಾನು ಯಾರಿಗೂ ಬೈಯುವುದಿಲ್ಲ. ಅದು ಇಂಟರ್ಮೀಡಿಯಟ್ ವ್ಯಾಲ್ಯೂ ಥಿಯರಮ್ ಹೇಳಿಕೊಡುವ ದಿನ.

ನನ್ನ ಮನಸ್ಸಿನಲ್ಲಿ ಅದಕ್ಕೆ ನಾನೇ ಇಟ್ಟ ಹೆಸರು ನಡುಬೆಲೆ ಪ್ರಮೇಯ. ಅರ್ಧಕ್ಕರ್ಧ ಹುಡುಗಿಯರು ಲೇಪಾಕ್ಷಿ, ಚಿಲಮತ್ತೂರು ಕಡೆಯಿಂದ ಬಸ್ಸಿನಲ್ಲಿ ಬರುವವರು, ಹಾಗಾಗಿ ಬಸ್ಸಿನಿಂದಲೇ ಶುರುಮಾಡುತ್ತೇನೆ. ನಿಂತಿದ್ದ ಬಸ್ಸು ಹೊರಟಿತು, ಸ್ವಲ್ಪ ಹೊತ್ತಿಗೆ ಅರವತ್ತರ ವೇಗಕ್ಕೆ ಬಂತು. ವೇಗ ಎಂಬುದು ಒಮ್ಮೆಲೇ ಹಾರುವುದಿಲ್ಲ, ಸೊನ್ನೆಯಿಂದ ಎಲ್ಲವನ್ನೂ ದಾಟಿಕೊಂಡೇ ಮೇಲೆ ಬರಬೇಕು. ಅಂದ ಮೇಲೆ ನಡುವೆ ಯಾವುದೋ ಒಂದು ಗಳಿಗೆಯಲ್ಲಿ ಆ ಬಸ್ಸಿನ ವೇಗ ಸರಿಯಾಗಿ ಮೂವತ್ತೇಳು ಇದ್ದೇ ಇತ್ತು. ಮೀಟರು ಕೆಟ್ಟಿದ್ದರೂ, ಡ್ರೈವರು ನೋಡದಿದ್ದರೂ, ನೀವು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರೂ ಇತ್ತು. ಇಷ್ಟು ಹೇಳುವ ಹೊತ್ತಿಗೆ ಯಾವುದಾದರೂ ಬೆಂಚಿನಿಂದ ಒಂದು ದನಿ ಬರುತ್ತದೆ, “ಎಕ್ಕಡ ಮೇಡಂ?” ಎಲ್ಲಿ ಮೇಡಂ, ಯಾವ ಜಾಗದಲ್ಲಿ ಮೂವತ್ತೇಳು?

ಆ ಪ್ರಶ್ನೆಗೆ ನಾನು ಸಿಟ್ಟಾಗುವುದಿಲ್ಲ. ಅದು ನಾನೇ ಕೇಳಿದ್ದ ಪ್ರಶ್ನೆ.

ನಮ್ಮದು ಕಲ್ಯಾಣದುರ್ಗದ ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. ಹತ್ತನೇ ತರಗತಿ ಮುಗಿಸಿ ಹಿಂದೂಪುರದ ಹಾಸ್ಟೆಲಿಗೆ ಬಂದು ಬಿದ್ದೆ, ಡಿಗ್ರಿಯೂ ಇಲ್ಲೇ ಆಯಿತು. ನಮ್ಮ ಗಣಿತದ ಮೇಷ್ಟ್ರು ಒಳ್ಳೆಯವರು, ಆದರೆ ಪ್ರಶ್ನೆ ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಬೋರ್ಡಿನ ತುಂಬ ಪ್ರಮೇಯದ ಸಾಧನೆ ಬರೆದು, ಕೊನೆಗೆ ‘ಅಂಥದ್ದೊಂದು ಬಿಂದು ಇದೆ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ನಾನು ಎದ್ದು ನಿಂತು ಎಲ್ಲಿದೆ ಸಾರ್ ಎಂದೆ. ಅವರು ತಿರುಗಿ ನೋಡಿ, “ಎಕ್ಕಡ ಅನಿ ಅಡಗಕೂಡದಮ್ಮಾ. ಉಂದಿ. ಅಂತೇ” ಅಂದರು. ಎಲ್ಲಿ ಅಂತ ಕೇಳಬಾರದು, ಇದೆ, ಅಷ್ಟೇ. ಕ್ಲಾಸು ಗೊಳ್ಳೆಂದು ನಕ್ಕಿತು.

ನನಗೆ ಮೈ ಉರಿದುಹೋಯಿತು. ಕಳೆದುಹೋದ ಬೀಗದ ಕೈ ಮನೆಯೊಳಗೇ ಇದೆ ಎಂದು ಹೇಳಿ ಎದ್ದು ಹೋಗುವವರನ್ನು ಏನು ಮಾಡಬೇಕು? ಎಲ್ಲಿದೆ ಎಂದು ಹೇಳಲಾಗದ ಪ್ರಮೇಯಕ್ಕೆ ಹತ್ತು ಮಾರ್ಕು ಬೇರೆ. ಅದರ ತಾಕತ್ತು ಏನೆಂದು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು. ಅದು ಹುಡುಕಿಕೊಡುವುದಕ್ಕೆ ಇರುವುದಲ್ಲ. ಇಲ್ಲವೇ ಇಲ್ಲ ಎಂದು ಹೇಳುವವರ ಬಾಯಿ ಮುಚ್ಚಿಸುವುದಕ್ಕೆ ಇರುವುದು.

ಅಪ್ಪ ತೀರಿಕೊಂಡ ಮರುವರ್ಷ ಬೇಸಿಗೆಯಲ್ಲಿ ಅಣ್ಣ ಫೋನ್ ಮಾಡಿದ. ಊರಲ್ಲಿ ಇದ್ದು ಬೇಸಾಯ ಮಾಡುವವನು ಅವನೇ, ಅಮ್ಮ ಇರುವುದೂ ಅವನ ಜೊತೆಗೇ. ಅಮ್ಮ ತನ್ನ ಪಾಲೂ ಮಕ್ಕಳಿಬ್ಬರಿಗೆ ಸಮ ಎಂದು ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ನಮ್ಮ ಆರು ಎಕರೆ ಹೊಲ ಕಾಯಿದೆಯ ಪ್ರಕಾರವೂ ಮನೆಯ ಪ್ರಕಾರವೂ ಅರ್ಧ ಅವನದು, ಅರ್ಧ ನನ್ನದು.

“ಗುರುವಾರ ಕಲ್ಯಾಣದುರ್ಗಕ್ಕೆ ಬಂದ್ಬುಡಮ್ಮ,” ಅಂದ. “ರಿಜಿಸ್ಟ್ರಾರ್ ಆಫೀಸ್ನಾಗೆ ಒಂದು ಸೈನ್ ಐತೆ.”

“ಯಾತಕ್ಕೆ ಸೈನು?”

“ಹೊಲದ್ದು. ನೀನು ಬಿಟ್ಟುಕೊಟ್ಟಂಗೆ ಬರ್ಸಿದೀನಿ. ಬೇಜಾರ್ ಮಾಡ್ಕಬೇಡ. ನಿಂಗೆ ಕೊಡಬಾರ್ದು ಅಂತಲ್ಲ, ಆ ಹೊಲ ಅರ್ಧ ಆಗಲ್ಲ ಕಣಮ್ಮ.”

ಕೊಡಲು ಮನಸ್ಸಿಲ್ಲ ಎಂದಿದ್ದರೆ ನಾನು ಒಂದು ದಿನ ಅತ್ತು ಸಹಿ ಹಾಕಿಬಿಡುತ್ತಿದ್ದೆನೋ ಏನೋ. ಅಣ್ಣ ಕೆಟ್ಟವನಲ್ಲ. ನನ್ನ ಹಾಸ್ಟೆಲಿಗೆ ತಿಂಗಳು ತಿಂಗಳು ಕಡಲೆಕಾಯಿ ಹುರಿಸಿ ತಂದುಕೊಟ್ಟವನು. ಆದರೆ ಅವನು ಮನಸ್ಸಿಲ್ಲ ಎನ್ನಲಿಲ್ಲ, ಅರ್ಧವೇ ಇಲ್ಲ ಎಂದ. ಗಣಿತ ಹೇಳಿಕೊಟ್ಟು ಹೊಟ್ಟೆ ಹೊರೆಯುವವಳಿಗೆ ಆ ಮಾತು ಹೇಳಬಾರದಿತ್ತು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಮಡಕಶಿರಾ ದಾಟಿ, ಕರ್ನಾಟಕದೊಳಗೆ ಪಾವಗಡಕ್ಕೆ ಹೋಗಿ, ಮತ್ತೆ ಆಂಧ್ರಕ್ಕೆ ಇಳಿಯುತ್ತದೆ. ಆ ಗುರುವಾರ ದಾರಿಯುದ್ದಕ್ಕೂ ಹೊಲವನ್ನೇ ನೆನೆಸಿಕೊಂಡೆ. ಮೇಲಿನ ತುದಿಯಲ್ಲಿ ರಸ್ತೆ, ಅಲ್ಲಿ ಹೊಲ ಕಿರಿದು. ಕೆಳಗೆ ಹಳ್ಳದ ಕಡೆಗೆ ಹೋದ ಹಾಗೆ ಅಗಲವಾಗುತ್ತ, ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊಟ್ಟಗೆ ಒಳಕ್ಕೆ ಸರಿದುಕೊಂಡಿದೆ. ಇಳಿಜಾರಿಗೆ ಅಡ್ಡವಾಗಿ ಸಾಲು ಹೊಡೆಯುವುದರಿಂದ ಭಾಗ ಮಾಡುವ ಬದುವೂ ಅಡ್ಡಕ್ಕೇ ಬರಬೇಕು, ಉದ್ದಕ್ಕೆ ಸೀಳಿದರೆ ಮಳೆಯ ನೀರು ಮಣ್ಣನ್ನೆಲ್ಲ ಹಳ್ಳಕ್ಕೆ ಸೇರಿಸುತ್ತದೆ. ಉದ್ದದಲ್ಲಿ ಸರಿಯಾಗಿ ನಡುಮಧ್ಯೆ ಒಂದು ಬೇವಿನ ಮರ. ನಮ್ಮ ಕಡೆ ಪಾಲು ಮಾಡುವ ಪದ್ಧತಿ ಎಂದರೆ ಗಂಡಸರು ಮೇಲಿನಿಂದ ಕೆಳಕ್ಕೆ ಹಗ್ಗ ಹಿಡಿದು, ಹಗ್ಗವನ್ನು ಎರಡು ಮಡಿಸಿ, ಮಡಿಕೆ ಬಂದ ಕಡೆ ಕಲ್ಲು ನೆಡುವುದು. ಚೌಕದ ಹೊಲಕ್ಕೆ ಅದು ಸರಿ. ನಮ್ಮ ಹೊಲದಲ್ಲಿ ಹಗ್ಗದ ಮಡಿಕೆ ಬೇವಿನ ಮರಕ್ಕೆ ಬರುತ್ತದೆ, ಮರದ ಮೇಲಕ್ಕೆ ಎರಡೇ ಎಕರೆ, ಕೆಳಕ್ಕೆ ನಾಲ್ಕು. ಅದಕ್ಕೇ ಅದು ಅರ್ಧವಾಗದ ಹೊಲ ಎಂದು ಹೆಸರು ಪಡೆಯಿತು.

ಅಪ್ಪನ ತಮ್ಮ ಅಜ್ಜನ ಇನ್ನೊಂದು ಹೊಲ ತೆಗೆದುಕೊಂಡ ಮೇಲೆ, ಈ ಹೊಲದ ಅರ್ಧಕ್ಕೆ ಬಾಧ್ಯಳಾಗಿದ್ದ ಸೋದರತ್ತೆಯ ಕೈಯಲ್ಲೂ ಹಿಂದೆ ಇದೇ ಕಾರಣ ಹೇಳಿ ಸಹಿ ಹಾಕಿಸಿದ್ದರು. ಅತ್ತೆಗೆ ಒಂದು ಸೀರೆ, ಅರಿಶಿನ ಕುಂಕುಮ ಸಿಕ್ಕಿತು. ಆಕೆ ಈಗಿಲ್ಲ. ಬದುಕಿರುವ ತನಕ ಆ ಸೀರೆಯನ್ನು ಉಟ್ಟಿದ್ದನ್ನು ನಾನು ನೋಡಲಿಲ್ಲ.

ಬಸ್ಸಿನಲ್ಲಿ ಇನ್ನೊಂದು ನೆನಪೂ ಬಂತು. ಚಿಕ್ಕವಳಿದ್ದಾಗ ಬಿತ್ತನೆಯ ದಿನ ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಮುಂದೆ ಎರಡು ಜೊತೆ ಎತ್ತು ಕೂರಿಗೆ ಎಳೆದುಕೊಂಡು ಹೋದರೆ, ಹಿಂದೆ ಹೆಂಗಸರು ಮಡಿಲ ತುಂಬ ಕಡಲೆಬೀಜ ಕಟ್ಟಿಕೊಂಡು ಸಾಲಿಗೆ ಬಿಡುತ್ತ ನಡೆಯುತ್ತಿದ್ದರು. ಹೊಟ್ಟೆ ಹಸಿದು ಬೇವಿನ ಮರದ ಹತ್ತಿರ ಬಂದರೆ ಎಂಥ ನೆರಳು. ಅಲ್ಲಿ ಕೂತು ಉಣ್ಣೋಣ ಎಂದರೆ ಅಮ್ಮ ಕೇಳುತ್ತಿರಲಿಲ್ಲ. ಮರ ದಾಟಿ, ಬಿಸಿಲಿನಲ್ಲಿ ಇನ್ನೂ ಎಷ್ಟೋ ಸಾಲು ಕೆಳಗೆ ಹೋಗಿ, ಬದುವಿನ ಪಕ್ಕದ ಒಂದು ಮೊಣಕಾಲೆತ್ತರದ ಕಲ್ಲಿನ ಹತ್ತಿರ ಗೋಣಿಚೀಲ ಹಾಸಿ ಬುತ್ತಿ ಬಿಚ್ಚುತ್ತಿದ್ದಳು. ಆ ಚೀಲದ ನಾರು ತೊಡೆಗೆ ಚುಚ್ಚುತ್ತಿತ್ತು. ಒಂದು ವರ್ಷ ಮರದ ಕೆಳಗೆ ಕೂತು ಅತ್ತು ಹಟ ಮಾಡಿದರೂ ಬಗ್ಗಲಿಲ್ಲ. ಹೆಂಗಸಿಗೆ ಇಷ್ಟು ಮೊಂಡುತನ ಇರಬಾರದು ಎಂದು ಅಪ್ಪ ನಗುತ್ತಿದ್ದ. ನನಗೂ ಅದು ಬರೀ ಮೊಂಡುತನವೆಂದೇ ಕಂಡಿತ್ತು.

ಕಲ್ಯಾಣದುರ್ಗದ ಆಫೀಸಿನ ಎದುರು, ತಗಡಿನ ಶೀಟಿನ ಕೆಳಗೆ, ಪತ್ರ ಬರೆಯುವವರ ಟೇಬಲ್ಲಿನ ಸುತ್ತ ನಮ್ಮವರು ಕಾದಿದ್ದರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಒಂದು ಕವರನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಕವರಿನ ಬಾಯಿಯಿಂದ ಸೀರೆಯ ಅಂಚು ಕಾಣುತ್ತಿತ್ತು. ಅದನ್ನು ನೋಡಿದ್ದೇ ಕಾಗದ ಕೊಡಿ ಎಂದು ಕೈ ಚಾಚಿದೆ.

ಕಾಗದ ತೆಲುಗಿನಲ್ಲಿತ್ತು. ನಿಧಾನವಾಗಿ ಓದಿದೆ. ನಾನು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಸದರಿ ಜಮೀನು ಸಮಭಾಗ ಮಾಡಲು ಸಾಧ್ಯವಿಲ್ಲದ ಕಾರಣ, ಹಕ್ಕು ಬಿಟ್ಟುಕೊಟ್ಟಿದ್ದೇನಂತೆ. ಸಾಧ್ಯವಿಲ್ಲದ ಕಾರಣ ಎಂಬಲ್ಲಿ ಬೆರಳಿಟ್ಟು ನಿಂತೆ.

“ಇದು ಸುಳ್ಳು,” ಅಂದೆ.

“ಸುಳ್ಳೆಂಗಾಯ್ತದೆ ತಾಯಿ?” ಎಂದರು ಚಿಕ್ಕಪ್ಪ. “ಮರದ ಮೇಲೆ ಎರಡು, ಮರದ ಕೆಳಗೆ ನಾಕು. ನಮ್ಮಪ್ಪನ ಕಾಲದಿಂದ್ಲೂ ಗೊತ್ತಿರೋದೇ.”

ನಾನು ಆ ಕಾಗದವನ್ನೇ ತಿರುಗಿಸಿ ಅದರ ಬೆನ್ನಿನ ಮೇಲೆ ಚಿತ್ರ ಬರೆದೆ. ಪತ್ರ ಬರೆಯುವವರು ಅಯ್ಯೋ ಎಂದು ಕೈ ಚಾಚಿದರು, ಬಿಡಲಿಲ್ಲ. ಒಂದು ಹಗ್ಗವನ್ನು ಹೊಲಕ್ಕೆ ಅಡ್ಡವಾಗಿ ಹಿಡಿದು ಮೇಲಿನ ಬದುವಿನಿಂದ ಕೆಳಗಿನ ಬದುವಿನವರೆಗೆ ಮೆಲ್ಲಗೆ ಇಳಿಸಿಕೊಂಡು ಹೋಗಿ ಎಂದೆ. ಹಗ್ಗದ ಮೇಲಿನ ಜಾಗ ಎಷ್ಟು? ಶುರುವಿನಲ್ಲಿ ಸೊನ್ನೆ. ಮರದ ಹತ್ತಿರ ಎರಡು. ಹಳ್ಳದ ಹತ್ತಿರ ಆರು. ಹಗ್ಗ ಒಂದು ಬೆರಳು ಇಳಿದರೆ ಜಾಗ ಒಂದು ಚೂರು ಬೆಳೆಯುತ್ತದೆ, ಎಲ್ಲೂ ಹಾರುವುದಿಲ್ಲ. ಎರಡರಿಂದ ಆರಕ್ಕೆ ಹಾರದೆ ಹೋಗುವ ಗೆರೆ ಮೂರನ್ನು ದಾಟದೆ ಹೇಗೆ ಹೋಗುತ್ತದೆ? ಆ ಮೂರೇ ಅರ್ಧ.

ಚಿಕ್ಕಪ್ಪ ಸುಮ್ಮನೆ ಕೂರುವವರಲ್ಲ. “ಮರದ ಕೆಳಗೆ ಹಾಸುಬಂಡೆ ಐತಲ್ಲ? ಬಂಡೆ ಹೊಲ ಅಲ್ಲ. ಅಲ್ಲಿ ನಿನ್ನ ಗೆರೆ ನಿಂತೋಯ್ತದೆ.”

“ನಿಂತ್ಕಳ್ಳಿ ಚಿಕ್ಕಪ್ಪ. ಬಂಡೆ ದಾಟೋವರ್ಗೂ ಅಲ್ಲಲ್ಲಿ ನಿಧಾನ ಆಗ್ಲಿ, ನಿಲ್ಲಲಿ. ನಿಂತ್ರೆ ತೊಂದ್ರೆ ಇಲ್ಲ. ಹಾರಬಾರ್ದು, ಅಷ್ಟೇ.”

ಅಣ್ಣ ಚಿತ್ರವನ್ನೇ ನೋಡುತ್ತಿದ್ದ. ಅವನಿಗೆ ಅರ್ಥವಾಗುತ್ತಿದೆ ಎಂದು ನನಗೆ ಗೊತ್ತಾಯಿತು, ಯಾಕೆಂದರೆ ಅವನ ಕಿವಿ ಕೆಂಪಾಗಿತ್ತು. ಚಿಕ್ಕಪ್ಪ ಮಾತ್ರ ಕವರನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದರು.

“ಸರೇ, ಐತೆ ಅಂತಾನೇ ಇಟ್ಕ. ಎಲ್ಲೈತೆ? ತೋರ್ಸು.”

ಪತ್ರ ಬರೆಯುವವರು ಕನ್ನಡಕ ಒರೆಸಿಕೊಳ್ಳುತ್ತ, “ಮಂಚಿ ಪ್ರಶ್ನ,” ಅಂದರು. ಒಳ್ಳೆಯ ಪ್ರಶ್ನೆ. ಸುತ್ತ ಇದ್ದ ನಾಲ್ಕು ಜನ ನಕ್ಕರು. ಇಪ್ಪತ್ತು ವರ್ಷದ ಹಿಂದೆ ಕ್ಲಾಸು ನಕ್ಕಂತೆಯೇ ಇತ್ತು. ಆವತ್ತು ಪ್ರಶ್ನೆ ನನ್ನದಾಗಿತ್ತು, ಇವತ್ತು ಉತ್ತರ ನನ್ನದಾಗಬೇಕಿತ್ತು. ಇದೆ, ಎಲ್ಲಿ ಎಂದು ಕೇಳಬಾರದು ಎಂದು ನಾನು ಹೇಳಲಾರದೆ ಹೋದೆ.

“ತೋರ್ಸು,” ಎಂದ ಅಣ್ಣನೂ. “ನೀನು ತೋರ್ಸಿದ್ ಜಾಗದಾಗೆ ನಾನೇ ಕಲ್ಲು ನೆಡ್ತೀನಿ. ತೋರ್ಸಕ್ಕಾಗ್ಲಿಲ್ಲ ಅಂದ್ರೆ ಬಂದು ಸೈನ್ ಹಾಕ್ಬುಡು. ಆಮೇಲೆ ಆ ಮಾತು ಎತ್ತಬಾರ್ದು.”

“ಎತ್ತಲ್ಲ,” ಅಂದೆ. “ನಡೀರಿ ಹೊಲಕ್ಕೆ.”

ಶೇರ್ ಜೀಪಿನಲ್ಲಿ ಮೂವರೂ ಊರಿಗೆ ಬಂದೆವು. ಚಿಕ್ಕಪ್ಪ ಸೀರೆಯ ಕವರನ್ನು ಬಿಟ್ಟಿರಲಿಲ್ಲ. ಹೊಲ ಉತ್ತು ಬಿಟ್ಟಿದ್ದರು, ಕೆಂಪು ಮಣ್ಣು ಬಿಸಿಲಿಗೆ ಕಾದಿತ್ತು. ಫೋನಿನಲ್ಲಿ ಹೊಲ ಅಳೆಯುವ ಆಪ್ ಇದೆಯೆಂದು ಮೊದಲು ಅದನ್ನೇ ತೆಗೆದೆ. ಸುತ್ತ ಒಂದು ಸಲ ನಡೆದರೆ ಐದೂಮುಕ್ಕಾಲು ಎಕರೆ ತೋರಿಸಿತು, ಇನ್ನೊಂದು ಸಲ ನಡೆದರೆ ಆರೂಕಾಲು. ಚಿಕ್ಕಪ್ಪ ಆಕಾಶ ನೋಡಿದರು. ಫೋನು ಒಳಗಿಟ್ಟು ಟೇಪು, ಹಗ್ಗ ಹಿಡಿದೆ. ಹತ್ತು ಹತ್ತು ಹೆಜ್ಜೆಗೆ ಹೊಲದ ಅಗಲ ಅಳೆದು, ಪಟ್ಟಿ ಪಟ್ಟಿ ಕೂಡಿಸಿಕೊಂಡು ಹೋದೆ. ಮರದಿಂದ ಮೂವತ್ತು ಹೆಜ್ಜೆ ಕೆಳಗೆ ನಿಂತು ಲೆಕ್ಕ ಹಾಕಿದರೆ ಮೇಲಿನ ಭಾಗ ಮೂರಕ್ಕಿಂತ ಕಮ್ಮಿ. ಐವತ್ತು ಹೆಜ್ಜೆಗೆ ಹೋದರೆ ಮೂರಕ್ಕಿಂತ ಜಾಸ್ತಿ. ಅಂದರೆ ಇಲ್ಲೇ ಇದೆ, ಈ ಇಪ್ಪತ್ತು ಹೆಜ್ಜೆಯೊಳಗೆ. ಇನ್ನೂ ಒಳಕ್ಕೆ ಒತ್ತಿ ಹಿಡಿಯೋಣವೆಂದರೆ ಬದು ಎಲ್ಲಿಗೆ ಮುಗಿಯಿತು, ಬೇಲಿ ಎಲ್ಲಿಂದ ಶುರುವಾಯಿತು ಎಂದು ಚಿಕ್ಕಪ್ಪ ಪ್ರತಿ ಅಳತೆಗೂ ತಕರಾರು ತೆಗೆದರು. ಟೇಪಿನ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು.

“ಮೂವತ್ತೋ ಐವತ್ತೋ?” ಎಂದರು. “ನಡುವಿನ ಇಪ್ಪತ್ತು ಹೆಜ್ಜೆ ಯಾರ್ದು? ಅದ್ನ ನಿನ್ನ ಥಿಯರಮ್ಮಿಗೆ ಬಿಡಾನಾ?”

ನಾನು ಹೆಂಟೆಯ ಮೇಲೆ ಕೂತುಬಿಟ್ಟೆ. ಸೋತೆ ಎಂದು ಅನ್ನಿಸಲಿಲ್ಲ. ಸರಿಯಿದ್ದೂ ಸೋಲುತ್ತಿದ್ದೇನೆ ಎಂದು ಅನ್ನಿಸಿತು, ಅದು ಇನ್ನೂ ಹೊಟ್ಟೆ ಉರಿಸುವಂಥದ್ದು. ಇಂಥದೇ ಒಂದು ಇಪ್ಪತ್ತು ಹೆಜ್ಜೆಯಲ್ಲಿ ಅತ್ತೆಯ ಪಾಲು ಹೋಗಿತ್ತು.

ಅಷ್ಟರಲ್ಲಿ ಅಮ್ಮ ಬಂದಳು. ಊರಿಗೆ ಬಂದವರು ಮನೆಗೆ ಬರದೆ ಹೊಲಕ್ಕೆ ಹೋದರೆಂದು ಯಾರೋ ಹೇಳಿದ್ದರಂತೆ. ತಲೆಯ ಮೇಲೆ ಬುಟ್ಟಿ, ಅದರಲ್ಲಿ ಮುದ್ದೆ, ಸೊಪ್ಪಿನ ಸಾರು. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

“ಏನು ಕಳ್ದೋಗೈತೆ ಅಂತ ಹಿಂಗೆ ಹುಡುಕ್ತಿದೀರ?”

“ಅರ್ಧ ಹುಡುಕ್ತಿದೀವಿ ಕಣತ್ತಿಗೆ,” ಎಂದರು ಚಿಕ್ಕಪ್ಪ ನಗುತ್ತ. “ನಿನ್ನ ಮಗಳು ಐತೆ ಅಂತಾಳೆ. ತೋರ್ಸು ಅಂದ್ರೆ ಲೆಕ್ಕ ಹೇಳ್ತಾಳೆ.”

“ಅರ್ಧನಾ?”

ಅಮ್ಮ ಬುಟ್ಟಿ ಇಳಿಸಲೂ ಇಲ್ಲ. ಹಾಗೇ ಹೊರಟಳು. ಮರದಿಂದ ಕೆಳಕ್ಕೆ, ನಾನು ಕೂತಿದ್ದ ಹೆಂಟೆಯ ಪಕ್ಕದಿಂದಲೇ ನಡೆದು, ಬದುವಿನ ಹತ್ತಿರದ ಆ ಮೊಣಕಾಲೆತ್ತರದ ಕಲ್ಲಿನ ಮೇಲೆ ಬುಟ್ಟಿ ಇಟ್ಟಳು.

“ಇಲ್ಲೇ ಐತಲ್ಲ,” ಅಂದಳು.

ನಾವು ಮೂವರೂ ಆ ಕಲ್ಲನ್ನೇ ನೋಡಿದ್ದು ಅಮ್ಮನಿಗೆ ವಿಚಿತ್ರವಾಗಿ ಕಂಡಿರಬೇಕು, ಗೊತ್ತಿರುವುದನ್ನೇ ಹೇಳುವವಳ ಹಾಗೆ ಹೇಳಿದಳು. “ಆರು ಮೂಟೆ ಬೀಜದ ಹೊಲ. ಅರ್ಧ ಬೀಜ ಮುಗಿಯೋ ತನಕ ಬುತ್ತಿ ಬಿಚ್ಚಂಗಿಲ್ಲ ಅಂತ ನಮ್ಮತ್ತೆ ಕಾಲದಿಂದ್ಲೂ ಐತೆ. ಉಂಡ್ ಮೇಲೆ ಮೈ ಭಾರ ಆಯ್ತದೆ, ಮಿಕ್ಕಿದ್ದು ಅರ್ಧಕ್ಕಿಂತ ಜಾಸ್ತಿ ಇರಬಾರ್ದು. ಮೂರ್ನೇ ಮೂಟೆ ಇಲ್ಲಿ ಖಾಲಿ ಆಯ್ತಿತ್ತು. ಒಂದ್ ವರ್ಷ ಒಂದೆರಡು ಸಾಲು ಮೇಲೆ, ಒಂದ್ ವರ್ಷ ಒಂದೆರಡು ಸಾಲು ಕೆಳಗೆ. ಅದಕ್ಕೇ ಇಲ್ಲೇ ಉಣ್ತಿದ್ದಿದ್ದು.”

“ಬೀಜ ಒಂದೊಂದ್ ಸತಿ ಒತ್ತಾಗಿ ಬೀಳ್ತದೆ, ಒಂದೊಂದ್ ಸತಿ ತೆಳ್ಳಗೆ,” ಎಂದರು ಚಿಕ್ಕಪ್ಪ.

“ನಿನ್ ಕೈಗೆ ಹಂಗೆ. ನನ್ ಕೈಗೆ ಗೇಣಿಗೆ ಎರಡು, ಮೇಲ್ಗಡೆನೂ ಅಷ್ಟೇ, ಕೆಳಗಡೆನೂ ಅಷ್ಟೇ.”

ನಾನು ಎದ್ದು ನಿಂತೆ. ಮರದಿಂದ ಕಲ್ಲಿಗೆ ಹೆಜ್ಜೆ ಎಣಿಸಿದೆ. ನಲವತ್ತೆರಡು. ನನ್ನ ಮೂವತ್ತಕ್ಕೂ ಐವತ್ತಕ್ಕೂ ನಡುವೆ. ಬಿತ್ತನೆಯೆಂದರೆ ಮೇಲಿನ ಬದುವಿನಿಂದ ಸಾಲು ಸಾಲಾಗಿ ಇಳಿದುಬರುವ ಹಗ್ಗವಲ್ಲದೆ ಇನ್ನೇನು? ಬಿತ್ತಿದ ಜಾಗ ಸೊನ್ನೆಯಿಂದ ಆರಕ್ಕೆ ಹಾರದೆ ಏರುತ್ತದೆ, ಮಡಿಲಿನ ಬೀಜ ಅದನ್ನು ಅಳೆದುಕೊಂಡು ಹೋಗುತ್ತದೆ. ಬೀಜ ಒಂದೊಂದಾಗಿ ಎಣಿಸುವ ವಸ್ತು, ಅದಕ್ಕೆ ಪ್ರಮೇಯ ಕಟ್ಟುನಿಟ್ಟಾಗಿ ಹೊಂದುವುದಿಲ್ಲ ಎಂದು ಕ್ಲಾಸಿನಲ್ಲಾದರೆ ನಾನೇ ಹೇಳುತ್ತಿದ್ದೆ. ಆದರೆ ಈ ಹೆಂಗಸರು ನಲವತ್ತು ವರ್ಷ ಅದನ್ನು ನಡೆದು ತೋರಿಸಿದ್ದರು. ನಾನು ಆ ಅರ್ಧದ ಮೇಲೆಯೇ ಕೂತು, ಸಿಟ್ಟು ಮಾಡಿಕೊಂಡು, ಮುದ್ದೆ ಉಂಡವಳು. ಎಲ್ಲಿ ಎಂದು ಕೇಳಬಾರದು ಎಂದಿದ್ದರು ಮೇಷ್ಟ್ರು. ಕೇಳಬಹುದಿತ್ತು, ಕೇಳಬೇಕಾದವರನ್ನು ನಾವು ಯಾರೂ ಕೇಳಿರಲಿಲ್ಲ.

“ಅತ್ತೆ ಕೈಯಾಗೆ ಸೈನ್ ಹಾಕ್ಸಿದಾಗ ಯಾಕಮ್ಮ ಹೇಳ್ಲಿಲ್ಲ ನೀನು?” ಅಂದೆ. ನನ್ನ ದನಿ ಏರಿತ್ತು.

“ಹೊಲ ಅರ್ಧ ಆಗಲ್ಲ ಅಂತ ಗಂಡಸ್ರು ಒಳಗೆ ಮಾತಾಡ್ತಿದ್ರು. ನಾನು ಹೊರಗೆ ಅಡುಗೆ ಮಾಡ್ತಿದ್ದೆ,” ಎಂದಳು ಅಮ್ಮ. “ನನ್ನ ಯಾರ್ ಕೇಳಿದ್ರು ಕಣಮ್ಮ?”

ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಆದರೆ ಅವರಿಗಿಂತ ಮೊದಲು ಅಣ್ಣ ಮಾತಾಡಿದ. ಅವನು ಕಲ್ಲಿನ ಬುಡವನ್ನೇ ನೋಡುತ್ತಿದ್ದ.

“ಮೂರ್ನೇ ಮೂಟೆ ನಾನೇ ಕೊಡವ್ತಿದ್ದೆ,” ಅಂದ. “ಆ ಖಾಲಿ ಚೀಲ ಹಾಸ್ಕೊಂಡೇ ನಾವು ಉಣ್ತಿದ್ದಿದ್ದು. ಯಾವತ್ತೂ ಇಲ್ಲೇ. ಮರದ ಹತ್ರ ಚೀಲ ಒಂದಿನಾನೂ ಖಾಲಿ ಆಗ್ಲಿಲ್ಲ ಚಿಕ್ಕಪ್ಪ.”

ತೊಡೆಗೆ ಚುಚ್ಚುತ್ತಿದ್ದ ಚೀಲ. ನನಗೆ ಅಳು ಬಂತು, ಅದನ್ನು ಸಿಟ್ಟಿನಿಂದಲೇ ತಡೆದುಕೊಂಡೆ.

ನಮ್ಮಲ್ಲಿ ಗೆರೆ ತೋರಿಸಿದವರಿಗೆ ಆರಿಸಿಕೊಳ್ಳುವ ಹಕ್ಕಿಲ್ಲ, ಇನ್ನೊಬ್ಬರು ಮೊದಲು ಆರಿಸಬೇಕು. ಅಣ್ಣ ಮೇಲಿನ ಭಾಗ ತೆಗೆದುಕೊಂಡ. ರಸ್ತೆಯೂ ಮರವೂ ಅವನಿಗಾಯಿತು, ಹಳ್ಳದ ಕಡೆಯದು ನನಗೆ. ಅಮ್ಮನ ಕಲ್ಲಿನ ನೇರಕ್ಕೆ, ಎದುರು ಬದುವಿನಲ್ಲಿ, ಹಾರೆ ಹಿಡಿದು ಅವನೇ ಇನ್ನೊಂದು ಕಲ್ಲು ನೆಟ್ಟ. ಚಿಕ್ಕಪ್ಪ ಊಟಕ್ಕೆ ಕೂರದೆ ಹೋದರು. ಸೀರೆಯ ಕವರು ಬದುವಿನ ಮೇಲೇ ಉಳಿದಿತ್ತು. ಅಮ್ಮ ಅದನ್ನು ಬಿಚ್ಚಿ ನೋಡಿ, ಬಣ್ಣ ಚೆನ್ನಾಗಿದೆ, ನಾನೇ ಉಟ್ಟುಕೊಳ್ಳುತ್ತೇನೆ ಎಂದು ಬುಟ್ಟಿಗೆ ಹಾಕಿಕೊಂಡಳು.

ಕಾಗದಪತ್ರಕ್ಕೆ ಸರ್ವೆ ಆಗಲೇಬೇಕಿತ್ತು. ಮುಂದಿನ ತಿಂಗಳು ಸರ್ವೇಯರ್ ಮೂರು ಕಾಲಿನ ಮಿಷನ್ನು ತಂದು ನಿಲ್ಲಿಸಿದರು. ಮಧ್ಯಾಹ್ನದವರೆಗೆ ಅಳೆದು, ಕಲ್ಲಿನ ಹತ್ತಿರ ಬಂದು, “ರೆಂಡು ಸಾಳ್ಳು ಪೈಕಿ ಮೇಡಂ,” ಅಂದರು. ಗೆರೆ ಕಲ್ಲಿಗಿಂತ ಎರಡು ಸಾಲು ಮೇಲೆ ಬರಬೇಕಂತೆ. ಅಂದರೆ ಎರಡು ಸಾಲು ನನಗೆ ಹೆಚ್ಚು. ಚಿಕ್ಕಪ್ಪ ಅಂದು ಬಂದಿದ್ದರು. ಅವರ ಮುಖ ಅರಳಿತು.

“ನೋಡ್ದಾ ಅತ್ತಿಗೆ, ತಪ್ಪಾಯ್ತು ನಿನ್ನ ಲೆಕ್ಕ.”

“ಕೊನೇ ಮೂಟೆಯಿಂದ ಒಂದು ಬೊಗಸೆ ಬೀಜ ಹಕ್ಕಿಗೆ ಎರಚ್ತಿದ್ದೆ, ಭೂಮ್ತಾಯಿಗೆ ಒಂದು 
ಬೊಗಸೆ ಇಡ್ತಿದ್ದೆ. ಮನುಷ್ಯಳ ಕೈ ಅಲ್ವಾ, ಎರಡು ಸಾಲು ಬತ್ತದೆ ಹೋಯ್ತದೆ,” ಎಂದಳು ಅಮ್ಮ, ಒಂದು ಚೂರೂ ಕುಗ್ಗದೆ. “ನಿಮ್ಮ ಹಗ್ಗ ನಲವತ್ತು ಹೆಜ್ಜೆ ತಪ್ಪಿತ್ತಲ್ಲಪ್ಪ.”

“ಎರಡು ಸಾಲು ತಾನೆ, ಬಿಟ್ಬುಡಮ್ಮ,” ಎಂದರು ಚಿಕ್ಕಪ್ಪ ನನ್ನ ಕಡೆ ತಿರುಗಿ. “ಅಣ್ಣ ಅಲ್ವಾ. ಕಲ್ಲು ನೆಟ್ಟಾಗೈತೆ.”

ಬಿಟ್ಟುಬಿಡು ಎಂಬ ಮಾತನ್ನು ನಮ್ಮ ಮನೆಯ ಹೆಣ್ಣುಮಕ್ಕಳು ಎಷ್ಟು ಕೇಳಿದ್ದಾರೆ ಎಂದು ಲೆಕ್ಕ ಇಟ್ಟವರಿಲ್ಲ. ಎರಡು ಸಾಲಿಗೆ ಇಷ್ಟು ಹಟವೇ ಎಂದು ಊರು ಆಡಿಕೊಂಡಿದ್ದು ಆಮೇಲೆ ನನ್ನ ಕಿವಿಗೂ ಬಿತ್ತು. ಆಡಿಕೊಳ್ಳಲಿ. ಎರಡು ಸಾಲು ಬಿಟ್ಟರೆ ಅದು ಅರ್ಧವಲ್ಲ, ಅಣ್ಣ ಕೊಟ್ಟದ್ದು ಆಗುತ್ತದೆ. ನನಗೆ ಯಾರೂ ಕೊಡುವುದು ಬೇಕಿರಲಿಲ್ಲ.

“ಬಿಡಲ್ಲ,” ಅಂದೆ. “ಅರ್ಧ ಅಂದ್ರೆ ಅರ್ಧ. ಎರಡು ಸಾಲು ಕೆಳಗೆ ಬಂದಿದ್ರೂ ಅಣ್ಣನಿಗೆ ಅದ್ನ ಬಿಟ್ಟೇ ಕೊಡ್ತಿದ್ದೆ. ಮೇಲೆ ಬಂದೈತೆ, ಬಿಡಲ್ಲ.”

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಹಾರೆ ತೆಗೆದುಕೊಂಡು, ತಾನೇ ನೆಟ್ಟಿದ್ದ ಕಲ್ಲನ್ನು ಮೀಟಿ ಕಿತ್ತು, ಎರಡು ಸಾಲು ಮೇಲಕ್ಕೆ ಹೊತ್ತುಕೊಂಡು ಹೋದ. ಅಮ್ಮನ ಕಲ್ಲನ್ನು ಯಾರೂ ಮುಟ್ಟಲಿಲ್ಲ. ಅದು ಈಗ ಹೊಸ ಬದುವಿನ ಕೆಳಗೆ, ನನ್ನ ಹೊಲದೊಳಗೆ ಇದೆ.

ಆ ವರ್ಷ ಮಳೆ ಬಿದ್ದು ಹದ ಬಂದಾಗ ಸುತ್ತಲಿನ ಟ್ರಾಕ್ಟರುಗಳೆಲ್ಲ ಮೊದಲೇ ಬುಕ್ ಆಗಿದ್ದವು. ಎರಡು ದಿನ ಕಾದರೆ ಹದ ಆರಿಹೋಗುತ್ತದೆ. ಕಾಲೇಜಿಗೆ ರಜೆ ಹಾಕಿ ಬಂದು ಏನು ಮಾಡುವುದೆಂದು ನಿಂತಿದ್ದಾಗ ಅಣ್ಣ ಎತ್ತು, ಕೂರಿಗೆ ಹೊಡೆದುಕೊಂಡು ಬಂದ. ಅಮ್ಮ ಮೂರು ಮೂಟೆ ಬೀಜವನ್ನು ಬದುವಿನ ಮೇಲೆ ಇಳಿಸಿಕೊಂಡಳು. ಎರಡನೆಯ ಮೂಟೆಯಿಂದ ಸೇರಿನಲ್ಲಿ ಅಳೆದು ಅರ್ಧವನ್ನು ಬೇರೆ ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು. ಚಿಕ್ಕಂದಿನಲ್ಲಿ ನಾನು ಬರೀ ಹಿಂದೆ ಅಲೆಯುತ್ತಿದ್ದವಳು, ಈಗ ಮಡಿಲು ಕಟ್ಟಿಕೊಂಡೆ. ಗೇಣಿಗೆ ಎರಡು ಎಂದು ಅಮ್ಮ ಹಿಂದಿನಿಂದ ಹೇಳುತ್ತಲೇ ಇದ್ದಳು. ನನ್ನ ಕೈಗೆ ಒಮ್ಮೆ ಮೂರು ಬೀಳುತ್ತಿತ್ತು, ಒಮ್ಮೆ ಒಂದು. ಕ್ಲಾಸಿನ ಹುಡುಗಿಯರು ನೋಡಿದ್ದರೆ ಇಷ್ಟು ವರ್ಷದ ಬೈಗುಳಕ್ಕೆ ಸೇಡು ತೀರಿತೆಂದು ಖುಷಿಪಡುತ್ತಿದ್ದರು.

ಅಮ್ಮನ ಕಲ್ಲು ಬೆಳಿಗ್ಗೆಯೇ ಹಿಂದೆ ಬಿತ್ತು. ಬಿಸಿಲು ನೆತ್ತಿಗೆ ಬಂತು. ಸೊಂಟ ನೋಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಮೇಲೆ ಅಣ್ಣನ ಹೊಲದಲ್ಲಿ ಬೇವಿನ ನೆರಳು ಕಾಣುತ್ತಿತ್ತು.

“ಅಮ್ಮಾ, ಬುತ್ತಿ ಬಿಚ್ಚಾನಾ?” ಅಂದೆ.

“ಇನ್ನೂ ಅರ್ಧ ಆಗಿಲ್ಲ.”

“ಎಲ್ಲಿಗೆ ಆಯ್ತದೆ ಅರ್ಧ?”

ಅಮ್ಮ ನಿಂತು, ಹಳ್ಳದ ಕಡೆಗೆ ಒಮ್ಮೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ನಂಗೇನ್ ಗೊತ್ತು? ಈ ಹೊಲ ಹೊಸ್ದು.”

ಎಲ್ಲಿ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಇದೆ ಎಂದು ಇಬ್ಬರಿಗೂ ಗೊತ್ತಿತ್ತು. ಮಡಿಲಿಗೆ ಬೀಜ ತುಂಬಿಕೊಂಡು ಮುಂದಿನ ಸಾಲಿಗೆ ಕಾಲಿಟ್ಟೆ.